ಕಣ್ಣಿನ ಗಂತಿ ಮತ್ತು ನಡುನೋಟದ ನಾಶ

ವಯಸ್ಸಾದವರ ನೋಟ ಮಸುಕಾದರೆ ಅದು ಪೊರೆಯೇ ಇರಬೇಕೆಂದು ಭಾವಿಸಿ, ಮುಂದಿನ ನೇತ್ರ ಶಿಬಿರದವರೆಗೆ ಕಾಯುವುದು ನಮ್ಮ ಗ್ರಾಮಗಳಲ್ಲಿ ವಾಡಿಕೆ. ಬಹುಪಾಲು ಈ ಊಹೆ ನಿಜವೂ ಆಗಿರುತ್ತದೆ. ಪೊರೆಯಾದರೆ ಕೆಲವು ತಿಂಗಳು ಕಾದರೂ ಶಸ್ತ್ರಚಿಕಿತ್ಸೆಯಿಂದ ನೋಟ ಮರಳುತ್ತದೆ. ಆದರೆ ಕಣ್ಣಿನ ಹಿಂಭಾಗದಲ್ಲಿ ಹುಟ್ಟುವ ಕೆಲವು ರೋಗಗಳು ಹೀಗೆ ಕಾಯುವುದಿಲ್ಲ.

ಕಣ್ಣಿನ ಒಳಭಾಗದಲ್ಲಿ, ಹಿಂಬದಿಗೆ ಹಾಸಿದಂತೆ ಅಕ್ಷಿಪಟಲವೆಂಬ ತೆಳುವಾದ ಪದರವಿದೆ. ಅದರ ನಡುಭಾಗಕ್ಕೆ ಮ್ಯಾಕ್ಯುಲ ಎಂದು ಹೆಸರು. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗೆ ನಿಂತವರ ಮುಖ ಗುರುತಿಸುವುದು, ಇವೆಲ್ಲ ಈ ಪುಟ್ಟ ಜಾಗದಿಂದಲೇ ಸಾಧ್ಯ. ಅಕ್ಷಿಪಟಲದ ಬೆನ್ನಿಗೆ ರಕ್ತನಾಳಗಳಿಂದ ತುಂಬಿದ ಮತ್ತೊಂದು ಪದರವುಂಟು, ಅದು ಕೊರಾಯ್ಡ್. ಇದರ ವರ್ಣಕೋಶಗಳಿಂದ ಮೆಲನೋಮ ಎಂಬ ಕ್ಯಾನ್ಸರ್ ಗಂತಿ ಹುಟ್ಟಬಹುದು. ಇದರಿಂದಲೇ ಹೊಸ ರಕ್ತನಾಳಗಳು ಕಳೆಯಂತೆ ಬೆಳೆದು, ಸೋರಿ, ವೃದ್ಧರ ಮ್ಯಾಕ್ಯುಲವನ್ನು ಕೆಡಿಸಲೂಬಹುದು.

ಈ ಎರಡು ರೋಗಗಳ ಚಿಕಿತ್ಸೆಗೂ ಹೊಸ ದಾರಿ ತೋರಿದವರಲ್ಲಿ ನೇತ್ರತಜ್ಞ ಡಾ. ಇವಾಂಜೆಲೋಸ್ ಗ್ರಾಗೂಡಸ್ ಪ್ರಮುಖರು. ಗ್ರೀಸ್ ಮೂಲದ ಇವರು ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಕಣ್ಣು ಮತ್ತು ಕಿವಿ ಆಸ್ಪತ್ರೆಯಲ್ಲಿ ತಮ್ಮ ಸಂಶೋಧನೆ ನಡೆಸಿದರು.

ಆ ಕಾಲದಲ್ಲಿ ಮೆಲನೋಮಕ್ಕೆ ರೂಢಿಯ ಚಿಕಿತ್ಸೆಯೆಂದರೆ ಕಣ್ಣುಗುಡ್ಡೆಯನ್ನೇ ತೆಗೆದುಹಾಕುವುದು. 1975ರಲ್ಲಿ ಗ್ರಾಗೂಡಸ್ ಮತ್ತು ಸಂಗಡಿಗರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸೈಕ್ಲೋಟ್ರಾನ್ ಯಂತ್ರದಿಂದ ಹೊರಡುವ ಪ್ರೋಟಾನ್ ಕಿರಣಗಳನ್ನು ಇಂತಹ ಗಂತಿಗಳ ಮೇಲೆ ಪ್ರಯೋಗಿಸಲಾರಂಭಿಸಿದರು. ಕ್ಷ-ಕಿರಣವು ದೇಹವನ್ನು ಹಾದು ಆಚೆಗೆ ಹೋಗುತ್ತದೆ. ದಾರಿಯಲ್ಲಿರುವ ಆರೋಗ್ಯವಂತ ಭಾಗವನ್ನೂ ಸುಡುತ್ತದೆ. ಪ್ರೋಟಾನ್ ಹಾಗಲ್ಲ. ಬಾವಿಯ ಆಳ ನೋಡಿ ಹಗ್ಗ ಬಿಡುವಂತೆ, ಅದು ಎಷ್ಟು ಆಳಕ್ಕೆ ಇಳಿದು ನಿಲ್ಲಬೇಕೆಂಬುದನ್ನು ಮೊದಲೇ ಗೊತ್ತುಪಡಿಸಬಹುದು. ತನ್ನ ಶಕ್ತಿಯ ಬಹುಭಾಗವನ್ನು ಅದು ನಿಲ್ಲುವ ಎಡೆಯಲ್ಲೇ ಸುರಿಯುತ್ತದೆ. ಗಂತಿಯ ಅಂಚನ್ನು ಗುರುತಿಸಲು ಕಣ್ಣುಗುಡ್ಡೆಯ ಹೊರಮೈಗೆ ಟ್ಯಾಂಟಲಮ್ ಲೋಹದ ಕಿರಿದಾದ ಬಳೆಗಳನ್ನು ಹೊಲಿದು, ಕ್ಷ-ಕಿರಣ ಚಿತ್ರದಲ್ಲಿ ಅವುಗಳ ಸ್ಥಾನ ನೋಡಿಕೊಂಡು ಗುರಿಯಿಡುತ್ತಿದ್ದರು. ಹೀಗೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ಗಂತಿ ಕಣ್ಣಿನೊಳಗೆ ಮತ್ತೆ ಬೆಳೆಯಲಿಲ್ಲ. ಆದರೂ ಗಂತಿ ಮ್ಯಾಕ್ಯುಲದ ಸಮೀಪದಲ್ಲಿದ್ದರೆ ಕಣ್ಣು ಉಳಿದರೂ ನೋಟ ಕುಂದುವ ಸಂಭವವಿತ್ತು. ಅಲ್ಲದೆ ರೋಗವು ಮೊದಲೇ ಯಕೃತ್ತಿಗೆ ಹರಡಿದ್ದರೆ ಕಣ್ಣಿನ ಚಿಕಿತ್ಸೆಯಿಂದ ಅದನ್ನು ತಡೆಯಲಾಗದು. ಇದನ್ನು ಮರೆಮಾಚುವುದು ಸರಿಯಲ್ಲ.

ನಮ್ಮ ದೇಶದಲ್ಲಿ ಈ ಗಂತಿ ವಿರಳ. ಇಲ್ಲಿ ಹೆಚ್ಚು ಭಯಪಡಬೇಕಾದುದು ಎಳೆಯ ಮಕ್ಕಳಿಗೆ ಬರುವ ರೆಟಿನೊಬ್ಲಾಸ್ಟೊಮ ಎಂಬ ಕ್ಯಾನ್ಸರಿಗೆ. ಮಗುವಿನ ಕಣ್ಣಿನ ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂತೆ ಬಿಳಿಯ ಹೊಳಪು ಕಂಡರೆ ತಾಯಂದಿರು ಒಂದು ದಿನವೂ ತಡಮಾಡಬಾರದು.

ಇನ್ನು ಮ್ಯಾಕ್ಯುಲದ ವಿಷಯ. ಸೋರುವ ರಕ್ತನಾಳಗಳನ್ನು ಹಿಂದೆ ಲೇಸರ್ ಶಾಖದಿಂದ ಸುಡುತ್ತಿದ್ದರು. ಅದರೊಡನೆ ಮೇಲಿನ ಅಕ್ಷಿಪಟಲವೂ ಸುಡುತ್ತಿತ್ತು. ಗ್ರಾಗೂಡಸ್ ಮತ್ತು ಅವರ ಸಹೋದ್ಯೋಗಿ ಡಾ. ಜೋನ್ ಮಿಲ್ಲರ್ ಅವರ ಸಂಶೋಧನೆಯಿಂದ ಬೇರೊಂದು ಉಪಾಯ ಬೆಳೆಯಿತು. ವರ್ಟೆಪೋರ್ಫಿನ್ ಎಂಬ ಔಷಧವನ್ನು ತೋಳಿನ ರಕ್ತನಾಳಕ್ಕೆ ಚುಚ್ಚಿ, ಅದು ಕಣ್ಣನ್ನು ತಲುಪಿದಾಗ ಸುಡದಂತಹ ಕೆಂಪು ಬೆಳಕು ಬಿಟ್ಟರೆ, ರೋಗಗ್ರಸ್ತ ನಾಳಗಳು ಮುಚ್ಚಿಕೊಳ್ಳುತ್ತವೆ. 2000ದಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಅನಂತರ, ನಾಳಗಳನ್ನು ಬೆಳೆಯಿಸುವ ವಿ.ಇ.ಜಿ.ಎಫ್. ಎಂಬ ಪದಾರ್ಥವನ್ನೇ ಅಡಗಿಸುವ ಔಷಧಗಳು ಬಂದವು. ಅವುಗಳಲ್ಲಿ ಮೊದಲನೆಯದಾದ ಪೆಗಾಪ್ಟನಿಬ್ ಕುರಿತು ಗ್ರಾಗೂಡಸ್ ಮತ್ತಿತರರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧ ಪಡೆದವರ ಪೈಕಿ ನೂರಕ್ಕೆ 70 ಮಂದಿ ಹೆಚ್ಚಿನ ನೋಟ ಕಳೆದುಕೊಳ್ಳದೆ ಉಳಿದರು. ಪಡೆಯದವರಲ್ಲಿ 55 ಮಂದಿ. ಅದಕ್ಕಿಂತ ಪರಿಣಾಮಕಾರಿಯಾದ ಔಷಧಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಇಂದು ಅಂತಹ ಚುಚ್ಚುಮದ್ದುಗಳು ನಮ್ಮ ರಾಜ್ಯದಲ್ಲಿಯೂ ಲಭ್ಯವಿವೆ. ಆದರೆ ಒಮ್ಮೆ ಕಲೆ ಕಟ್ಟಿದ ಮ್ಯಾಕ್ಯುಲವನ್ನು ಯಾವ ಔಷಧವೂ ಮೊದಲಿನಂತೆ ಮಾಡಲಾರದು.

ಈ ಲೇಖಕನ ಬಳಿಗೆ ಬಂದ ಒಬ್ಬ ವೃದ್ಧೆ, ಅಕ್ಕಿಯಲ್ಲಿನ ಕಲ್ಲು ಕಾಣದಾಗಿ ಎಂಟು ತಿಂಗಳಾಯಿತೆಂದರು. ಪೊರೆ ಹಣ್ಣಾಗಲೆಂದು ಮನೆಯವರು ಕಾದಿದ್ದರು. ಪಾಪೆ ನಿರ್ಮಲವಾಗಿತ್ತು, ಪೊರೆಯೇ ಇರಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದಾಗ ಆ ಕಣ್ಣಿನ ಮ್ಯಾಕ್ಯುಲದಲ್ಲಿ ಕಲೆ ಕಟ್ಟಿರುವುದು ತಿಳಿಯಿತು. ಇನ್ನೊಂದು ಕಣ್ಣು ಚೆನ್ನಾಗಿದ್ದುದರಿಂದಲೇ ಆಕೆಗೆ ಮೊದಲು ಇದರ ಅರಿವಾಗಿರಲಿಲ್ಲ.

ಆದುದರಿಂದ ಐವತ್ತು ದಾಟಿದವರು ವಾರಕ್ಕೊಮ್ಮೆ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ, ಬಾಗಿಲ ಚೌಕಟ್ಟನ್ನೋ ಕಿಟಕಿಯ ಸರಳುಗಳನ್ನೋ ದಿಟ್ಟಿಸಿ ನೋಡಬೇಕು. ಕನ್ನಡಕವಿದ್ದರೆ ಧರಿಸಿಯೇ ನೋಡಬೇಕು. ನೆಟ್ಟಗಿನ ಗೆರೆ ಡೊಂಕಾಗಿ ಕಂಡರೆ, ನಡುವೆ ಕಪ್ಪು ಮಚ್ಚೆ ಕಂಡರೆ, ಆ ವಾರದಲ್ಲಿಯೇ ನೇತ್ರವೈದ್ಯರನ್ನು ಕಾಣಿರಿ. ಬೀಡಿ, ಸಿಗರೇಟು ಸೇದುವವರಿಗೆ ಈ ರೋಗದ ಸಂಭವ ಹೆಚ್ಚು. ಪರೀಕ್ಷೆಗೆ ಹನಿ ಹಾಕಿ ಪಾಪೆಯನ್ನು ಹಿಗ್ಗಿಸುವುದರಿಂದ ಕೆಲವು ಗಂಟೆಗಳ ಕಾಲ ಬಿಸಿಲಿಗೆ ಕಣ್ಣು ಕುಕ್ಕುತ್ತದೆ; ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು.