ಪಶ್ಚಿಮ ಘಟ್ಟದ ಮುಳ್ಳಿಲಿ

ಸಾರಿಗೆ ನಾಲ್ಕು ಕಾಳುಮೆಣಸು ಕುಟ್ಟಿ ಹಾಕುವಾಗ, ಅದೇ ಮೆಣಸಿಗೆ ಕಾಡಿನಲ್ಲಿ ಇನ್ನೊಬ್ಬ ಪಾಲುದಾರನಿದ್ದಾನೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ಪಶ್ಚಿಮ ಘಟ್ಟಗಳ ದಕ್ಷಿಣಾರ್ಧದ ದಟ್ಟ ಮಳೆಕಾಡುಗಳಲ್ಲಿ, ಅಂದರೆ ಕೊಡಗಿನ ಮಲೆಗಳು, ಕೇರಳದ ಬೆಟ್ಟಸಾಲು ಹಾಗೂ ತಮಿಳುನಾಡಿನ ಕಳಕ್ಕಾಡು-ಮುಂಡಂತುರೈಯಂತಹ ಅರಣ್ಯಗಳಲ್ಲಿ, ಮರಗಳ ಮೇಲೆಯೇ ಬದುಕು ಸಾಗಿಸುವ ಈ ಪುಟ್ಟ ದಂಶಕವನ್ನು ಮಲಬಾರ್ ಮುಳ್ಳಿಲಿ ಎಂದು ಕರೆಯಬಹುದು. ಜಗತ್ತಿನ ಬೇರಾವ ಭಾಗದಲ್ಲಿಯೂ ಇದು ಕಾಣಸಿಗುವುದಿಲ್ಲ.

ತಲೆ ಮತ್ತು ದೇಹ ಸೇರಿ ಇದರ ಉದ್ದ ಸುಮಾರು 13ರಿಂದ 14 ಸೆಂಟಿಮೀಟರು. ತೂಕ ನೂರು ಗ್ರಾಮಿಗೂ ಕಡಿಮೆ. ಬೆನ್ನಿನ ಮೇಲೆ ಕೆಂಗಂದು ಬಣ್ಣದ ಮೃದುವಾದ ತುಪ್ಪಳವಿದ್ದು, ಅದರ ನಡುನಡುವೆ ಚಪ್ಪಟೆಯಾದ ಚೂಪು ಮುಳ್ಳುಗಳು ಹಿಮ್ಮುಖವಾಗಿ ಮಲಗಿರುತ್ತವೆ. ಹೊಟ್ಟೆಯ ಭಾಗ ಬಿಳುಪು. ಇದರ ನಿಜವಾದ ಗುರುತು ಬಾಲ. ಮನೆಯಿಲಿಯ ಬಾಲ ಬೋಳು. ಇದರ ಬಾಲದ ತುದಿಯಾದರೋ ನೀಳವಾದ ಕೂದಲಿನಿಂದ ಕೂಡಿ, ಬಾಟಲಿ ತೊಳೆಯುವ ಬ್ರಷ್ಷಿನಂತೆ ಕಾಣುತ್ತದೆ. 1859ರಲ್ಲಿ ಇದನ್ನು ಮೊದಲು ವಿಜ್ಞಾನಕ್ಕೆ ಪರಿಚಯಿಸಿದವರು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯದ ಎಡ್ವರ್ಡ್ ಬ್ಲೈತ್. ಅವರು ಇಟ್ಟ ‘ಪ್ಲಾಟಕ್ಯಾಂಥೊಮಿಸ್ ಲಾಸಿಯೂರಸ್’ ಎಂಬ ಹೆಸರಿನ ಅರ್ಥ ‘ಚಪ್ಪಟೆ ಮುಳ್ಳಿನ, ಕೂದಲು ಬಾಲದ ಇಲಿ’ ಎಂದೇ.

ಇಂಗ್ಲಿಷಿನಲ್ಲಿ ಇದಕ್ಕೆ ‘ಡಾರ್‌ಮೌಸ್’ ಎನ್ನುವರು. ಯೂರೋಪಿನ ಡಾರ್‌ಮೌಸ್ ಚಳಿಗಾಲವಿಡೀ ನಿದ್ರಿಸುವ ಪ್ರಾಣಿ. ಹಾಗೆಂದು ‘ನಿದ್ರಾಮೂಷಿಕ’ ಎಂದು ಅನುವಾದಿಸಿಬಿಟ್ಟರೆ ಪದ ಸೊಗಸಾಗಿರುತ್ತದೆ, ಆದರೆ ತಪ್ಪಾಗುತ್ತದೆ. ಕಾರಣ ಹಲ್ಲುಗಳಲ್ಲಿದೆ. ನಿಜವಾದ ಡಾರ್‌ಮೌಸಿಗೆ ದವಡೆಯ ಒಂದೊಂದು ಪಾರ್ಶ್ವದಲ್ಲಿಯೂ ನಾಲ್ಕು ಅರೆಯುವ ಹಲ್ಲುಗಳಿರುತ್ತವೆ; ನಮ್ಮ ಮುಳ್ಳಿಲಿಗೆ ಇಲಿಗಳಲ್ಲಿರುವಂತೆ ಮೂರೇ. ಬಾಲದ ಹೋಲಿಕೆಯಿಂದ ಮೋಸಹೋದ ಹಿಂದಿನ ವರ್ಗೀಕರಣವನ್ನು ಮುಂದೆ ತಿದ್ದಲಾಯಿತು. ಇಂದು ಬದುಕಿರುವ ಇದರ ಹತ್ತಿರದ ಬಂಧುಗಳು ಇರುವುದು ಚೀನಾ ಮತ್ತು ವಿಯೆಟ್ನಾಮಿನ ಬೆಟ್ಟಗಳಲ್ಲಿ. ದೃಷ್ಟಿ ಬಹುಮಟ್ಟಿಗೆ ಕುಂದಿರುವ ಆ ಬಂಧುಗಳು ಬಾವಲಿಯಂತೆ ಪ್ರತಿಧ್ವನಿಯಿಂದ ದಾರಿ ಕಂಡುಕೊಳ್ಳುತ್ತವೆಂಬುದು 2021ರಲ್ಲಿ ಪ್ರಕಟವಾದ ಸಂಶೋಧನೆಯಿಂದ ದೃಢಪಟ್ಟಿತು. ಮುಳ್ಳಿಲಿಯ ಕುಲಕ್ಕೇ ಸೇರಿದ ಪ್ರಾಣಿಯ ಪಳೆಯುಳಿಕೆಯೊಂದು ಚೀನಾದ ಯುನ್ನಾನ್ ಪ್ರಾಂತದಲ್ಲಿ, ಐವತ್ತು ಲಕ್ಷ ವರ್ಷಗಳಿಗೂ ಹಿಂದಿನ ಪದರಗಳಲ್ಲಿ ದೊರೆತಿದೆ. ಒಂದು ಕಾಲಕ್ಕೆ ವಿಶಾಲವಾಗಿ ಹರಡಿದ್ದ ವಂಶದ ಒಂದು ಕವಲು ಇಂದು ಘಟ್ಟದ ಕಾಡಿನಲ್ಲಿ ಮಾತ್ರ ಉಳಿದಿದೆಯೆಂದು ಇದರಿಂದ ತಿಳಿಯಬಹುದು.

ಹಗಲೆಲ್ಲ ಮರದ ಪೊಟರೆಯಲ್ಲಿ ಅಡಗಿದ್ದು, ಇರುಳು ಇದು ಹೊರಬೀಳುತ್ತದೆ. ಪೊಟರೆಯೊಳಗೆ ಎಲೆ, ಪಾಚಿಗಳನ್ನು ಹಾಸಿ ಗೂಡು ಮಾಡಿಕೊಳ್ಳುತ್ತದೆ. ಹಣ್ಣು, ಬೀಜಗಳು ಇದರ ಆಹಾರ. ಮಾಗಿದ ಮೆಣಸು, ಹಲಸಿನ ಹಣ್ಣು ಇದಕ್ಕೆ ಬಹು ಇಷ್ಟವೆಂದೂ, ಕಳ್ಳಿನ ಮಡಕೆಗಳಲ್ಲಿ ಬಿದ್ದು ಸಿಕ್ಕಿಕೊಳ್ಳುತ್ತದೆಂದೂ ಹತ್ತೊಂಬತ್ತನೆಯ ಶತಮಾನದ ವರದಿಗಳು ಹೇಳುತ್ತವೆ. ‘ಮೆಣಸಿಲಿ’ ಎಂಬರ್ಥದ ಹೆಸರು ಇಂಗ್ಲಿಷಿನಲ್ಲಿ ಬಂದದ್ದು ಹೀಗೆ. ಬೆಳೆಗಾರನ ದೃಷ್ಟಿಯಲ್ಲಿ ಇದು ಕಳ್ಳನೇ ಸರಿ. ಆದರೆ ಮೆಣಸಿನ ಬಳ್ಳಿ ಮೂಲತಃ ಇದೇ ಕಾಡಿನದು. ತೋಟವೆಂಬುದು ಹುಟ್ಟುವ ಎಷ್ಟೋ ಮೊದಲೇ ಈ ಇಲಿ ಕಾಡುಮೆಣಸಿನ ಪರಿಚಯ ಮಾಡಿಕೊಂಡಿದ್ದಿರಬೇಕು.

ಮುಳ್ಳಿಲಿಗೆ ಎರಡು ಸೌಕರ್ಯಗಳು ಅತ್ಯವಶ್ಯ: ಪೊಟರೆಯುಳ್ಳ ಹಳೆಯ ಮರಗಳು ಮತ್ತು ಕೊಂಬೆಗೆ ಕೊಂಬೆ ತಾಗಿದ ಮೇಲ್ಛಾವಣಿ. ಕಾಡು ಕಡಿದು ತೋಟ, ರಸ್ತೆ, ಜಲಾಶಯಗಳಾದಂತೆ ಇವೆರಡೂ ಕಡಿಮೆಯಾಗುತ್ತವೆ. ಕಾಫಿ ತೋಟದಲ್ಲಿ ಹಲಸು, ನಂದಿ, ಅತ್ತಿಗಳಂತಹ ಊರ ನೆರಳುಮರಗಳಿದ್ದರೆ ಕಾಡಿನ ಜೀವಿಗಳಿಗೆ ಅಷ್ಟಿಷ್ಟು ಆಶ್ರಯವಾದರೂ ದೊರೆಯುತ್ತದೆ. ಅವುಗಳ ಬದಲು ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕನ್ನೇ ಸಾಲಾಗಿ ನೆಟ್ಟಲ್ಲಿ ಮೆಣಸಿಗೆ ಆಸರೆ ಸಿಗುತ್ತದೆ, ಇಲಿಗೆ ಪೊಟರೆ ಸಿಗುವುದು ಕಷ್ಟ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯಕ್ಕೆ ತುತ್ತಾಗಬಲ್ಲ ಜೀವಿಗಳ ವರ್ಗದಲ್ಲಿ ಇರಿಸಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬಹುಕಾಲ ‘ಇಲಿ’ ಎಂಬ ಒಂದೇ ಪದ ಪೀಡಕ ಪ್ರಾಣಿಗಳ ಐದನೆಯ ಅನುಸೂಚಿಯಲ್ಲಿತ್ತು. ಉಗ್ರಾಣದ ಹೆಗ್ಗಣಕ್ಕೂ ಕಾಡಿನ ಅಪರೂಪದ ದಂಶಕಕ್ಕೂ ಸಾಮಾನ್ಯ ಓದುಗನು ಅಲ್ಲಿ ಭೇದ ಕಾಣುವಂತಿರಲಿಲ್ಲ. 2022ರ ತಿದ್ದುಪಡಿಯಲ್ಲಿ ಪೀಡಕ ಪ್ರಾಣಿಗಳ ಆ ಅನುಸೂಚಿಯನ್ನೇ ಕೈಬಿಡಲಾಯಿತು. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಕಳಕ್ಕಾಡು-ಮುಂಡಂತುರೈ ಸಹ ಒಂದು. ಅಲ್ಲಿಗೆ ಹೋದವರಿಗೂ ಇದರ ದರ್ಶನ ಸುಲಭವಲ್ಲ. ಅದು ಎದ್ದು ಓಡಾಡುವುದು ರಾತ್ರಿ, ಅದೂ ತಲೆಯ ಮೇಲಿನ ಕೊಂಬೆಗಳಲ್ಲಿ.