ಮೊದಲು ಒಂದು ಫೈಲು ಪಾಸು ಮಾಡಿಸು

ಬೆಂಗಳೂರಿನ ಕೆಲಸ ಬಿಟ್ಟು ಕೊಳ್ಳೇಗಾಲದಲ್ಲೇ ಮೆಡಿಕಲ್ ಬಿಲ್ಲಿಂಗ್ ಆಫೀಸು ತೆರೀತೀನಿ ಅಂತಿದ್ದೀಯ, ಸಂತೋಷ ಕಣವ್ವ. ಆದರೆ ಫ್ಲೆಕ್ಸಿಗೆ, ಆಟೋ ಮೈಕಿಗೆ ಅಂತ ಎತ್ತಿಟ್ಟಿರೋ ದುಡ್ಡನ್ನ ಸದ್ಯಕ್ಕೆ ಮುಟ್ಟಬೇಡ. ಮಾದಪ್ಪನ ಜಾತ್ರೆಗೆ ಬಂದವರೆಲ್ಲ ನಿನ್ನ ಬ್ಯಾನರು ನೋಡಿದರೂ ಒಂದು ಗಿರಾಕಿ ಹುಟ್ಟೋದಿಲ್ಲ. ನಿನಗೆ ಕೆಲಸ ಕೊಡೋನು ನರ್ಸಿಂಗ್ ಹೋಮಿನ ಮ್ಯಾನೇಜರು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಸೇರಿಸಿದರೂ ಅಂಥವರ ಪಟ್ಟಿ ನೋಟ್‌ಬುಕ್ಕಿನ ಒಂದೆರಡು ಹಾಳೆ ದಾಟೋದು ಕಷ್ಟ. ಬಸ್ ಹತ್ತಿ ಹೋಗಿ ಒಬ್ಬೊಬ್ಬರನ್ನೇ ಕಾಣು, ಓಪಿಡಿ ಜನ ಕರಗಿದ ಮೇಲೆ.

ಹೋದಾಗ ಬರೀ ವಿಸಿಟಿಂಗ್ ಕಾರ್ಡ್ ಕೊಟ್ಟು ಬರಬೇಡ. ‘ವಾಪಸ್ ಬಂದಿರೋ ಒಂದು ಕ್ಲೇಮ್ ಫೈಲು ಕೊಡಿ ಸಾರ್, ಪಾಸಾದರೆ ಫೀಸಿನ ಮಾತು’ ಅನ್ನು. ಬಿಚ್ಚಿ ನೋಡಿದರೆ ಗೊತ್ತಾಗುತ್ತೆ: ಆಧಾರ್‌ನಲ್ಲಿ ಮಾದೇವಮ್ಮ, ಪಾಲಿಸಿಯಲ್ಲಿ ಮಹದೇವಮ್ಮ. ಡಿಸ್ಚಾರ್ಜ್ ಸಮ್ಮರಿಗೆ ಸಹಿ ಇದೆ, ಸೀಲಿಲ್ಲ. ಮೂಳೆಗೆ ಹಾಕಿದ ಪ್ಲೇಟಿನ ಸ್ಟಿಕ್ಕರು ಎಲ್ಲೋ ಬಿದ್ದುಹೋಗಿದೆ. ಅದನ್ನೆಲ್ಲ ಸರಿಮಾಡಿ ಆಸ್ಪತ್ರೆಯ ಖಾತೆಗೆ ದುಡ್ಡು ಬರೋ ಹಾಗೆ ಮಾಡು. ಪಕ್ಕದ ಆಸ್ಪತ್ರೆಯವರಿಗೆ ಆ ಮ್ಯಾನೇಜರೇ ಹೇಳ್ತಾನೆ.

ಆಮೇಲೆ ಆಯುಷ್ಮಾನ್‌ಗೆ, ಖಾಸಗಿ ವಿಮೆಗೆ ಒಂದೊಂದು ಹಾಳೆ ತಯಾರು ಮಾಡು: ಅಡ್ಮಿಷನ್ ದಿನ ಏನು ಕೇಳಬೇಕು, ಡಿಸ್ಚಾರ್ಜ್ ದಿನ ಏನಿರಬೇಕು. ಕನ್ನಡದಲ್ಲಿ, ದಪ್ಪಕ್ಷರದಲ್ಲಿ, ಕೆಳಗೆ ನಿನ್ನ ಹೆಸರು, ಫೋನ್ ನಂಬರು. ಆಯುಷ್ಮಾನ್ ಹಾಳೆಯಲ್ಲಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ನೆನಪಿಸು. ಖಾಸಗಿ ವಿಮೆಯ ಹಾಳೆಯಲ್ಲಿ 2024ರ ನಿಯಮ ಬರೆ: ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ 1 ಗಂಟೆಯೊಳಗೆ ತೀರ್ಮಾನ ಹೇಳಬೇಕು, ಡಿಸ್ಚಾರ್ಜ್ ಕೋರಿಕೆಗೆ 3 ಗಂಟೆಯೊಳಗೆ. ಆ ಗಡಿಯಾರ ಓಡೋಕೆ ಶುರುವಾಗೋದು ಆಸ್ಪತ್ರೆ ಕಾಗದ ಕಳಿಸಿದ ಮೇಲೇ. ಜೆರಾಕ್ಸ್ ಮಾಡಿಸಿ ಕೌಂಟರಿನ ಒಳಗೆ ಅಂಟಿಸಿ ಬಾ. ಫೈಲು ಸಿಕ್ಕಿಕೊಂಡ ದಿನ ಅವರ ಕಣ್ಣು ಆ ನಂಬರಿನ ಮೇಲೇ ಬೀಳುತ್ತೆ.

ಫೀಸನ್ನ ಫೈಲಿಗಿಷ್ಟು ಅಂತ ಇಟ್ಟುಕೋ. ಬಿಲ್ಲಿನ ಮೊತ್ತದಲ್ಲಿ ಶೇಕಡಾ ಕೇಳಿದರೆ ಬಿಲ್ಲು ಉಬ್ಬಿಸೋ ಆಸೆ ಎರಡೂ ಕಡೆ ಹುಟ್ಟುತ್ತೆ. ರೋಗಿ ಕಳಿಸಿದವರಿಗೆ ಕಮಿಷನ್ ಕೊಡೋ ವ್ಯವಹಾರಕ್ಕೂ ಇಳಿಯಬೇಡ. ಬಿಪಿಎಲ್ ಕಾರ್ಡಿನ ಆಯುಷ್ಮಾನ್ ರೋಗಿ ಹತ್ತಿರ ಫೈಲ್ ಖರ್ಚು ಅಂತ ಹತ್ತು ರೂಪಾಯಿನೂ ಮುಟ್ಟಬೇಡ. ಪಾಸಾದ ಕ್ಲೇಮಿನ ಫೋಟೋ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಲೇಬೇಡ. ಹೆಸರು ಮುಚ್ಚಿದರೂ ಯಾರ ಮನೆಯ ಕಾಯಿಲೆ ಅಂತ ನಮ್ಮೂರಲ್ಲಿ ಗೊತ್ತಾಗಿಬಿಡುತ್ತೆ.

ಯಳಂದೂರಿನವರು, ಹನೂರಿನ ಕಡೆಯವರು ದೊಡ್ಡ ಕಾಯಿಲೆಗೆ ಚಾಮರಾಜನಗರ, ಮೈಸೂರು ಸೇರ್ತಾರೆ. ಅವರನ್ನ ಅವರ ಊರಲ್ಲೇ ಹಿಡಿಯೋಕೆ ನಿನಗೆ ಬೇಕಾದವರು ಸೊಸೈಟಿ ಸೆಕ್ರೆಟರಿ, ಹಾಲಿನ ಡೇರಿಯವರು. 2018ರಲ್ಲಿ ನಿಂತಿದ್ದ ಯಶಸ್ವಿನಿ ಆರೋಗ್ಯ ಯೋಜನೆ 2023ರಿಂದ ಮತ್ತೆ ನಡೀತಿದೆ, ಅದಕ್ಕೆ ಸೇರೋದು ಸಹಕಾರ ಸಂಘದ ಸದಸ್ಯರೇ. ನೋಂದಣಿ ದಿನಗಳಲ್ಲಿ ಅಲ್ಲೇ ಹೋಗಿ ಕೂರು, ಪುಕ್ಕಟೆಯಾಗಿ. ಮನೆಮಂದಿಯ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಬರೆಸು. ಮಾರ್ಟಳ್ಳಿ ಕಡೆಯವರು ಬಂದರೆ ನಾಲ್ಕು ಮಾತು ತಮಿಳಲ್ಲೂ ಆಡು. ನಾಳೆ ಆಸ್ಪತ್ರೆ ಸೇರೋ ಹೊತ್ತು ಬಂದಾಗ, ಆ ಮನೆಯವರು ಮೊದಲು ಫೋನ್ ಮಾಡೋದು ಹೆಸರು ಸರಿಯಾಗಿ ಬರೆಸಿದ ಹುಡುಗಿಗೇ.