ಕಾವಲುಗಾರನ ಕೊಂಬು
(ಆದಿತ್ಯವಾರದ ಶಾಲೆಯ ಉಪದೇಶಕರಿಗೂ ಸಭೆಯ ಹಿರಿಯರಿಗೂ ಪಾಠ)

ಓದತಕ್ಕ ಭಾಗಗಳು: ಯೆಹೆಜ್ಕೇಲ 33:1–6, ಆದಿಕಾಂಡ 2:15.

ಅಪಾಯವು ಬರುವದನ್ನು ಕಂಡೂ ಕೊಂಬನ್ನೂದದ ಕಾವಲುಗಾರನು ಜನರ ರಕ್ತಕ್ಕೆ ಉತ್ತರವಾದಿಯಾಗುವನೆಂದು ದೇವರು ಪ್ರವಾದಿಯ ಮೂಲಕ ತಿಳಿಸಿದ್ದಾನೆ. ಈ ಕಾಲದಲ್ಲಿ ಆ ಕೊಂಬು ನಮ್ಮ ಕಿಸೆಯಲ್ಲಿರುವ ಮೊಬೈಲೇ. ಅದನ್ನು ಹಿಡಿಯುವ ರೀತಿಯನ್ನು ಮಕ್ಕಳಿಗೆ ಕಲಿಸುವದು ಸಭೆಯ ಕೆಲಸವಾಗಿದೆ.

1. ನೋಡುವದು. ಹೊಳೆಮಣ್ಣೂರ ಮಲಪ್ರಭೆಯ ದಂಡೆಯ ಊರು. 2009ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ಹೊಳೆಯು ದಂಡೆಮೀರಿ ಈ ಸೀಮೆಯ ಹಳ್ಳಿಗಳಿಗೆ ನುಗ್ಗಿತು. ಸವದತ್ತಿಯ ಬಳಿಯ ನವಿಲುತೀರ್ಥ ಆಣೆಕಟ್ಟಿನ ಪೂರ್ಣಮಟ್ಟ 2079.50 ಅಡಿ. ನೀರು ಅದನ್ನು ಸಮೀಪಿಸಿ ಒಳಹರಿವೂ ಹೆಚ್ಚಿದರೆ ಬಾಗಿಲುಗಳನ್ನು ತೆರೆಯಬೇಕಾಗುವದು. ಮಳೆಗಾಲದಲ್ಲಿ ಮಕ್ಕಳು ಈ ವರ್ತಮಾನವನ್ನು ಮೊಬೈಲಿನಲ್ಲಿ ಓದಿ, ಇನ್ನೆಷ್ಟು ಅಡಿ ಉಳಿಯಿತೆಂದು ಲೆಕ್ಕಮಾಡಿ, ಹಲಿಗೆಯ ಮೇಲೆ ಬರೆಯಲಿ. ಬೆಣ್ಣಿಹಳ್ಳವಾದರೋ ಈ ಲೆಕ್ಕಕ್ಕೆ ಸಿಕ್ಕದು. ಅದು ಮೇಲಿನ ಸೀಮೆಯ ಮಳೆಯಿಂದ ಏರುವದರಿಂದ ಹವಾಮಾನದ ವರ್ತಮಾನವನ್ನೂ ನೋಡತಕ್ಕದ್ದು.

2. ಊದುವದು. ಮೊಬೈಲಿಲ್ಲದ ವಿಧವೆಗೂ ಕಿವಿ ಕೇಳದ ಮುದುಕನಿಗೂ ಯಾರು ತಿಳಿಸುವರು? ಓದಬಲ್ಲ ಹುಡುಗನು ಅವರ ಬಾಗಿಲಿಗೆ ಹೋಗಿ ಹೇಳಲಿ. ಅವರು ನಮ್ಮ ಸಭೆಯವರೋ ಅಲ್ಲವೋ ಎಂದು ಎಣಿಸದಿರಲಿ. ಆದರೆ ಗಾಳಿಸುದ್ದಿಯನ್ನು ಹರಡುವವನು ಸುಳ್ಳು ಕೊಂಬನ್ನೂದುವನು. ಆದದರಿಂದ ಜಿಲ್ಲಾಡಳಿತದ ಪ್ರಕಟಣೆಯೋ ಎಂದು ಮೊದಲು ಪರೀಕ್ಷಿಸಬೇಕು.

3. ಕಾಯುವದು. ದೇವರು ಆದಾಮನಿಗೆ ತೋಟದಲ್ಲಿ ದುಡಿಯುವ ಕೆಲಸದೊಡನೆ ಅದನ್ನು ಕಾಯುವ ಕೆಲಸವನ್ನೂ ಕೊಟ್ಟನು. ಹೊಳೆಯ ಪಾತ್ರವನ್ನು ಒತ್ತಿ ಬಿತ್ತಿ, ಹಳ್ಳಕ್ಕೆ ಕಸ ಸುರಿದು, ನೀರು ಬಂದಾಗ ಮಾತ್ರ ಮೊಣಕಾಲೂರುವದು ಭಕ್ತಿಯೋ? ಮೊಬೈಲು ಸಹ ಭೂಮಿಯ ಲೋಹಗಳಿಂದಾದದ್ದು. 2022ರಲ್ಲಿ ಲೋಕದಲ್ಲಿ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ಕಸವು ಹುಟ್ಟಿತು. ಅದರಲ್ಲಿ ಸರಿಯಾಗಿ ಕೂಡಿಸಲ್ಪಟ್ಟದ್ದು ಕಾಲುಭಾಗಕ್ಕಿಂತ ಕಡಿಮೆ. ಕೆಟ್ಟ ಬ್ಯಾಟರಿಯನ್ನು ಸುಡಬಾರದು, ತಿಪ್ಪೆಗೂ ಎಸೆಯಬಾರದು. ಯಾಕಂದರೆ ಅದರ ವಿಷವು ಮಣ್ಣಿಗೂ ನೀರಿಗೂ ಇಳಿಯುವದು. ಸಭೆಯಲ್ಲಿ ಒಂದು ಡಬ್ಬಿಯನ್ನಿಟ್ಟು ಕೂಡಿಸಿ, ಅನುಮತಿಯುಳ್ಳವರಿಗೇ ಒಪ್ಪಿಸಿರಿ.

ಪ್ರಶ್ನೆಗಳು
1. ಕಾವಲುಗಾರನ ತಪ್ಪು ಯಾವದು?
2. ನಮ್ಮ ಓಣಿಯಲ್ಲಿ ಮೊಬೈಲಿಲ್ಲದ ಮನೆಗಳೆಷ್ಟು? ಪ್ರತಿಯೊಂದಕ್ಕೂ ಹೋಗತಕ್ಕವರು ಯಾರು?
3. ಹಳ್ಳಕ್ಕೆ ನಾವು ಎಸೆಯುವದೇನು?

ಪ್ರಾರ್ಥನೆ: ಕರ್ತನೇ, ಕಾಣುವ ಕಣ್ಣನ್ನೂ ಎಚ್ಚರಿಸುವ ಬಾಯನ್ನೂ ನಿನ್ನ ಭೂಮಿಯನ್ನು ಕಾಯುವ ಕೈಯನ್ನೂ ನಮಗೆ ಅನುಗ್ರಹಿಸು. ಆಮೆನ್.